ದೂರಿಲ್ಲದ ಪ್ರಾಜೆಕ್ಟು

ನಮ್ಮ ಮನೆಯವರು ನೀರು ಸರಬರಾಜು ಕಚೇರಿಯಲ್ಲಿ ದೂರು ವಿಭಾಗದ ಗುಮಾಸ್ತರು. ಬೆಳಿಗ್ಗೆ ಅವರ ಕಿಟಕಿಯ ಮುಂದೆ ಬೊಬ್ಬೆ ಹಾಕುತ್ತ ನಿಂತ ಜನ ಮಧ್ಯಾಹ್ನದೊಳಗೆ ಅವರ ಮಂಡಿನೋವು ವಿಚಾರಿಸಿಕೊಂಡು ಹಿಂತಿರುಗುತ್ತಾರೆ. ಅಷ್ಟರಲ್ಲಿ ಆ ಜನರ ನಲ್ಲಿಗೆ ನೀರು ಬಂದಿರುತ್ತದೆಯೇ ಎಂದು ಕೇಳಬಾರದು. ದೂರು ಮುಗಿದಿರುತ್ತದೆ, ನೀರು ಇನ್ನೊಂದು ವಿಭಾಗದ ವಿಷಯ. ಇಷ್ಟು ವರ್ಷದ ಸರ್ವೀಸಿನಲ್ಲಿ ಅವರು ಕಂಡುಕೊಂಡ ಸತ್ಯ ಒಂದೇ: ದೂರಿಲ್ಲದ ಕಡೆ ದೋಷವಿಲ್ಲ. ಈ ಸತ್ಯವನ್ನು ಅವರು ಛತ್ರಿ ಮರೆಯುವಂತೆ ಕಚೇರಿಯಲ್ಲೇ ಮರೆತು ಬಂದಿದ್ದರೆ ನಮ್ಮ ಮಗಳು ಇಷ್ಟು ಪಾಡು ಪಡಬೇಕಾಗಿರಲಿಲ್ಲ.

ಮಗಳು ಕಂಪ್ಯೂಟರ್ ಓದುತ್ತಿದ್ದಾಳೆ. ಹೋದ ಸಲ ಕಾಮಾಲೆ ಬಂದು ಮಲಗಿ ಒಂದು ಸೆಮಿಸ್ಟರ್ ಕಳೆದುಕೊಂಡಳು. ಇನ್ನೊಂದು ಹೋದರೆ ಜೊತೆಯವರೆಲ್ಲ ಮುಂದೆ ನಡೆದು ಇವಳು ಪೂರಾ ಒಂದು ವರ್ಷ ಹಿಂದೆ ಉಳಿಯುತ್ತಾಳೆ. ಈ ಸಲದ ಮುಖ್ಯ ವಿಷಯಕ್ಕೋ ಪರೀಕ್ಷೆಯೇ ಇಲ್ಲ. ಪ್ರಪಂಚದಲ್ಲಿ ಎಲ್ಲೆಲ್ಲೋ ಇರುವ ಜನ, ಕೋಡ್ ಬರೆಯುವವರಿಗೆ ಅನುಕೂಲವಾಗಲೆಂದು ಸಣ್ಣ ದೊಡ್ಡ ಸಲಕರಣೆಗಳನ್ನು ಮಾಡಿ, ಒಳಗಿನ ಕೋಡನ್ನೂ ಬಚ್ಚಿಡದೆ ಎಲ್ಲರ ಮುಂದೆ ತೆರೆದಿಡುತ್ತಾರಂತೆ. ಓಪನ್ ಸೋರ್ಸ್ ಎನ್ನುತ್ತಾರೆ. ಯಾರು ಬೇಕಾದರೂ ಬಳಸಬಹುದು. ಎಲ್ಲಾದರೂ ಕೆಟ್ಟಿದ್ದರೆ ಸರಿಮಾಡಿ ಕಳಿಸಬಹುದು. ನೋಡಿಕೊಳ್ಳುವವರು ಅದನ್ನು ಓದಿ, ಒಪ್ಪಿಗೆಯಾದರೆ ಸೇರಿಸಿಕೊಳ್ಳುತ್ತಾರೆ. ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಅಂಥದೊಂದು ಪ್ರಾಜೆಕ್ಟ್ ಆರಿಸಿ, ಸೆಮಿಸ್ಟರ್ ಮುಗಿಯುವುದರೊಳಗೆ ತಮ್ಮದೊಂದು ತಿದ್ದುಪಡಿ ಸೇರುವಂತೆ ಮಾಡಬೇಕು. ಸೇರಿದರೆ ಪಾಸು. ಸೇರದಿದ್ದರೆ ಮೇಷ್ಟ್ರ ಕೈಯಲ್ಲೂ ಏನಿಲ್ಲ.

ಒಂದು ಭಾನುವಾರ ಮಗಳೂ ಅವಳ ಜೊತೆಗಾರನೂ ನಮ್ಮ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಹರಡಿಕೊಂಡು ಕುಳಿತರು. ಆ ಹುಡುಗನನ್ನು ನಾವು ಮೌನಿ ಎಂದೇ ಕರೆಯುತ್ತೇವೆ. ಅವನಿಗೆ ಮಾತು ಬರುತ್ತದೆ. ಆದರೆ ಆಡುವ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾನೆ. ಅದು ಸರಿಯಾಗುವಷ್ಟರಲ್ಲಿ ನಮ್ಮ ಮನೆಯಲ್ಲಿ ಮೂರು ವಿಷಯ ಬದಲಾಗಿರುತ್ತವೆ.

ನಾನು ಬಟ್ಟೆ ಮಡಚುತ್ತಿದ್ದೆ. ಇವರು ಪೇಪರ್ ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಮಕ್ಕಳ ಮಧ್ಯೆ ಕುಳಿತರು.

"ಇದೇನು ಪುಟ್ಟಿ, ಈ ಹೆಸರಿನ ಪಕ್ಕದಲ್ಲಿ ಮೂರು ಸಾವಿರ ಚಿಲ್ಲರೆ ಅಂತಿದೆಯಲ್ಲ?"

"ಅದು ದೂರುಗಳು ಅಪ್ಪಾ. ಬಳಸಿದವರು ಬರೆದಿರೋದು. ಇನ್ನೂ ಸರಿಯಾಗದೆ ಇರೋವು."

ಇವರು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದರು. "ಮೂರು ಸಾವಿರ! ಅಂಥವರ ಗೇಟು ಕೂಡ ಮುಟ್ಟಬೇಡಿ."

"ಜಾಸ್ತಿ ಜನ ಬಳಸಿದ್ರೆ ಜಾಸ್ತಿ ದೂರು ಬರತ್ತೆ. ಅದು ಒಳ್ಳೇದೇ ಅಂದ್ರು ನಮ್ ಮೇಷ್ಟ್ರು."

"ನಿಮ್ ಮೇಷ್ಟ್ರನ್ನ ಒಂದು ದಿನ ನನ್ನ ಕಿಟಕಿ ಹಿಂದೆ ಕೂರ್ಸು. ಆಮೇಲೆ ಹೇಳಲಿ."

ಎರಡನೆಯ ಪ್ರಾಜೆಕ್ಟಿಗೆ ಎಂಟುನೂರು ದೂರು. ಮೂರನೆಯದಕ್ಕೆ ಇನ್ನೂರು, ಆದರೆ ಅದರಲ್ಲಿದ್ದ ಸುಲಭದ ರಿಪೇರಿಗಳನ್ನೆಲ್ಲ ಬೇರೆ ಕಾಲೇಜಿನವರು, ಕರವಸ್ತ್ರ ಹಾಕಿ ಸೀಟು ಹಿಡಿದಂತೆ, ಆಗಲೇ ಹಿಡಿದಿದ್ದರು. ನಾಲ್ಕನೆಯದು ಒಂದು ಪುಟ್ಟ ಸಲಕರಣೆ. ಒಂದು ಬರಹದ ಹಳೆಯ ಪ್ರತಿ, ಹೊಸ ಪ್ರತಿ ಎರಡನ್ನೂ ಕೊಟ್ಟರೆ, ಏನು ಹೋಯಿತು, ಏನು ಬಂತು ಎಂದು ತೋರಿಸುತ್ತದೆ. ಹೋದ ಸಾಲು ಕೆಂಪು, ಬಂದ ಸಾಲು ಹಸಿರು, ಅಷ್ಟೇ. ಅದರ ಪಕ್ಕದ ದೂರಿನ ಸಂಖ್ಯೆ ಸೊನ್ನೆ.

ಇವರು ಆ ಸೊನ್ನೆಯನ್ನು ನೋಡಿದ ಬಗೆಯಲ್ಲಿ ನನ್ನನ್ನು ಮದುವೆಯಲ್ಲೂ ನೋಡಿದ್ದಿಲ್ಲ.

"ಸೊನ್ನೆ!" ಎಂದರು. "ನೋಡಿದ್ಯೇನೇ? ಬಂದು ನೋಡು. ಇದಪ್ಪಾ ಆಡಳಿತ ಅಂದ್ರೆ."

ಮೌನಿ ಗಂಟಲು ಸರಿಮಾಡಿಕೊಂಡ.

"ನೋಡಿ, ಈ ಹುಡುಗನೂ ಒಪ್ತಾನೆ," ಎಂದು ಇವರು ಅವನ ಬೆನ್ನು ತಟ್ಟಿದರು. ಕೆಲಸ ಸಣ್ಣದು, ಸಮಯ ಕಡಿಮೆ ಎಂದು ಮಗಳೂ ಹೂಂ ಎಂದಳು. ಪ್ರಾಜೆಕ್ಟ್ ಆಯ್ಕೆಯಾಯಿತು.

ಅದನ್ನು ನೋಡಿಕೊಳ್ಳುವವರ ಹೆಸರು ಎಲ್ಲೂ ಇರಲಿಲ್ಲ. ಹೆಸರಿನ ಜಾಗದಲ್ಲಿ ಒಂದು ಆಮೆಯ ಚಿತ್ರವಿತ್ತು. ನಮ್ಮ ಮನೆಯಲ್ಲಿ ಅವರು ಅವತ್ತಿನಿಂದ ಆಮೆ ಸಾಹೇಬರಾದರು.

ಮಕ್ಕಳು ಕಷ್ಟಪಟ್ಟು ಹುಡುಕಿ ಒಂದು ದೋಷ ಕಂಡುಹಿಡಿದರು. ಬಳಸುವ ವಿಧಾನ ಹೇಳುವ ಪುಟದಲ್ಲಿ ಎರಡು ಹಂತ ಹಿಂದುಮುಂದಾಗಿದ್ದವು. ಸರಿಮಾಡಿ, ವಿನಯದಿಂದ ನಾಲ್ಕು ಸಾಲು ಬರೆದು ಕಳಿಸಿದರು. ಉತ್ತರ ಬರಲಿಲ್ಲ. ಒಂದು ವಾರ ಕಳೆಯಿತು, ಇನ್ನೊಂದೂ ಕಳೆಯಿತು. ಮಗಳು ಊಟದ ಮಧ್ಯೆ ಫೋನ್ ತಿರುಗಿಸಿ ನೋಡುವುದು, ಮತ್ತೆ ಮಗುಚಿಡುವುದು. ತಟ್ಟೆಯಲ್ಲಿ ಅನ್ನ ಒಣಗುತ್ತಿತ್ತು.

"ಫೈಲು ತಾನಾಗಿ ನಡೆಯಲ್ಲ ಪುಟ್ಟಿ," ಎಂದರು ಇವರು. "ಹಿಂದಿನಿಂದ ಯಾರಾದರೂ ತಳ್ಳಬೇಕು. ನಿಮ್ಮ ಪರವಾಗಿ ಅಲ್ಲಿ ಒಂದು ಮಾತು ಹೇಳೋರು ಯಾರೂ ಇಲ್ವಾ?"

"ಅಲ್ಲಿ ಯಾರು ಬೇಕಾದ್ರೂ ಬರೀಬಹುದು ಅಪ್ಪಾ. ಯಾರ ಪರಿಚಯಾನೂ ಬೇಕಾಗಿಲ್ಲ."

"ಯಾರು ಬೇಕಾದ್ರೂ?"

"ಹೂಂ. ಒಂದು ಖಾತೆ ತೆರೆದ್ರೆ ಸಾಕು."

ಇವರು ಸದ್ದಿಲ್ಲದೆ ಊಟ ಮುಗಿಸಿದರು. ಸದ್ದಿಲ್ಲದೆ ಊಟ ಮುಗಿಸಿದ ದಿನ ನಾನು ಎಚ್ಚರವಾಗಬೇಕಿತ್ತು. ಕುಕ್ಕರಿನ ಗ್ಯಾಸ್ಕೆಟ್ ಹಾಳಾಗಿತ್ತು. ಗಮನ ಅತ್ತ ಇತ್ತು.

ಮರುದಿನ ಮಧ್ಯಾಹ್ನ ಬ್ಯಾಂಡೇಜು ತರಲು ಔಷಧಿ ಅಂಗಡಿಗೆ ಹೋದೆ. ಅರ್ಧ ಬಾಗಿಲು ಹಾಕಿತ್ತು. ಒಳಗೆ ನೋಡಿದರೆ ಅಂಗಡಿಯವರ ಕಂಪ್ಯೂಟರಿನ ಮುಂದೆ, ಕಚೇರಿಯಲ್ಲಿರಬೇಕಾದ ಇವರು ಕುಳಿತಿದ್ದಾರೆ, ಹಿಂದೆ ಬೀದಿಯೇ ಸಾಲುಗಟ್ಟಿ ನಿಂತಿದೆ! ಇವರ ತಂಗಿ, ಅಂದರೆ ನನ್ನ ನಾದಿನಿ, ಸಾಲು ನೋಡಿಕೊಳ್ಳುತ್ತಿದ್ದಾಳೆ. ಒಬ್ಬೊಬ್ಬರಿಗೂ ಒಂದು ಹೊಸ ಖಾತೆ. ಅವರು ಹೇಳಿದ್ದನ್ನು ಇವರು ಟೈಪ್ ಮಾಡುವುದು, ಕಂಪ್ಯೂಟರೇ ಅದನ್ನು ಇಂಗ್ಲಿಷಿಗೆ ತಿರುಗಿಸುವುದು, ನಮ್ಮ ಮಗಳ ತಿದ್ದುಪಡಿಯ ಕೆಳಗೆ ಅಂಟಿಸುವುದು.

"ಹೇಳಿ ಟೈಲರ್, ಏನಂತ ಬರೀಲಿ?"

"ಬರೀರಿ ಸಾರ್. ಈ ಹುಡುಗಿ ಚಿಕ್ಕವಳಿದ್ದಾಗಿಂದ ನನ್ನ ಹತ್ರಾನೇ ಬಟ್ಟೆ ಹೊಲಿಸೋದು. ಅಳತೆ ತಗೊಳ್ಳುವಾಗ ಒಂದು ದಿನಾನೂ ಅಲ್ಲಾಡಿದವಳಲ್ಲ. ಅಂಥವಳು ಕಳಿಸಿದ್ದನ್ನ ಕಣ್ಮುಚ್ಚಿ ತಗೋಬಹುದು."

"ಭೇಷ್! ಕಣ್ಮುಚ್ಚಿ ತಗೋಬಹುದು. ಮುಂದೆ?"

ನಾದಿನಿ ಸಾಲು ಬಿಟ್ಟು ಮುಂದೆ ಬಂದಳು. "ನಂದು ಸ್ವಲ್ಪ ಗಟ್ಟಿಯಾಗಿ ಬರಿ ಅಣ್ಣಾ. ನಾನು ಹುಡುಗಿಯ ಸೋದರತ್ತೆ. ಎರಡು ವಾರದಿಂದ ಮಗು ಸರಿಯಾಗಿ ಉಂಡಿಲ್ಲ. ನಾಳೆ ಸಂಜೆಯೊಳಗೆ ಒಪ್ಪಿಕೊಳ್ಳದಿದ್ರೆ ನೀವು ಎಲ್ಲಿದ್ರೂ ಹುಡುಕ್ಕೊಂಡು ಬರ್ತೀನಿ. ಹಾಕು, ಪೂರ್ತಿ ಹಾಕು."

ಔಷಧಿ ಅಂಗಡಿಯವರು ಮೃದು ಸ್ವಭಾವದವರು. "ಎಲ್ಲರ ಆರೋಗ್ಯ ಚೆನ್ನಾಗಿರಲಿ ಅಂತ ನನ್ನದೊಂದು ಸೇರಿಸಿ," ಎಂದರು.

ನನ್ನನ್ನು ಕಂಡು ಇವರ ಮುಖ ಅರಳಿತು. "ಬಾರೇ, ಬಾ. ತಾಯಿ ಬರೆದರೆ ತೂಕ ಬೇರೆ."

"ರೀ, ಪುಟ್ಟಿಯನ್ನ ಒಂದು ಮಾತು ಕೇಳಿದ್ರಾ?"

"ಅವಳಿಗೆ ಸರ್‌ಪ್ರೈಸು!"

ಸರ್‌ಪ್ರೈಸಿನ ಮಟ್ಟಿಗೆ ಇವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಎರಡು ವಾರ ಕದಲದ ಆಮೆ ಸಾಹೇಬರು ಆ ಸಂಜೆಯೇ ಕದಲಿದರು. ಮಗಳು ಅವರ ಉತ್ತರವನ್ನು ಓದಿದಳು. ಓದುತ್ತ ಓದುತ್ತ ಮೆಟ್ಟಿಲ ಮೇಲೇ ಕುಳಿತುಬಿಟ್ಟಳು.

ಉತ್ತರ ಹೀಗಿತ್ತು: ಒಂದೇ ಮಧ್ಯಾಹ್ನ, ಒಂದೇ ಜಾಗದಿಂದ, ಹೊಸದಾಗಿ ಹುಟ್ಟಿದ ಇಷ್ಟೊಂದು ಖಾತೆಗಳು ಒಬ್ಬರ ಕೆಲಸವನ್ನು ಕಣ್ಮುಚ್ಚಿ ತೆಗೆದುಕೊಳ್ಳಿ ಎಂದು ಒತ್ತಾಯಿಸಿವೆ. ಒಂದು ಖಾತೆ ಬೆದರಿಕೆಯನ್ನೂ ಹಾಕಿದೆ. ಇವು ನಕಲಿ ಎಂದು ವರದಿ ಮಾಡಿದ್ದೇನೆ. ಈ ತಿದ್ದುಪಡಿಯನ್ನು ಮುಚ್ಚಿದ್ದೇನೆ.

"ಅಪ್ಪಾ," ಎಂದಳು ಮಗಳು. ಬೈಯಲಿಲ್ಲ. ಬೈದಿದ್ದರೆ ನಮಗೆಲ್ಲ ಹಗುರಾಗುತ್ತಿತ್ತು.

ವರದಿಯ ಸುದ್ದಿ ಮುಟ್ಟಿ ಕಾಲೇಜಿನಿಂದ ಕರೆ ಬಂತು. ಮೇಷ್ಟ್ರು ಕರೆದದ್ದು ಮಗಳನ್ನೂ ಮೌನಿಯನ್ನೂ. ಹೋದದ್ದು ನಾವಿಬ್ಬರು, ನಾದಿನಿ, ಟೈಲರ್, ಔಷಧಿ ಅಂಗಡಿಯವರು, ಕೊನೆಯಲ್ಲಿ ಆ ಮಕ್ಕಳು. ಮೇಷ್ಟ್ರ ಕೋಣೆಯಲ್ಲಿ ಎರಡೇ ಕುರ್ಚಿ ಇದ್ದವು. ಒಂದರಲ್ಲಿ ಮೇಷ್ಟ್ರು, ಇನ್ನೊಂದರಲ್ಲಿ ನಾದಿನಿ.

"ನಾನು ನಕಲಿಯಾ ಸಾರ್?" ಎಂದು ಅವಳೇ ಶುರುಮಾಡಿದಳು. "ಸರಿಯಾಗಿ ನೋಡಿ ಹೇಳಿ. ಬೇಕಾದ್ರೆ ದೀಪ ಹಾಕ್ಕೊಂಡು ನೋಡಿ."

"ಇಲ್ಲಮ್ಮ, ನೀವು ಅಸಲಿಯೇ. ಅದರಲ್ಲಿ ಅನುಮಾನವೇ ಇಲ್ಲ," ಎಂದರು ಮೇಷ್ಟ್ರು. ದಣಿದ ಧ್ವನಿಯಲ್ಲೇ ವಿವರಿಸಿದರು. "ಕಳ್ಳರು ಮಾಡೋ ಕೆಲಸ ಇದು. ಒಬ್ಬರೇ ನೋಡಿಕೊಳ್ತಿರೋ ಸಲಕರಣೆ ಹುಡುಕ್ತಾರೆ. ಇಲ್ಲದ ಜನರ ಹೆಸರಲ್ಲಿ ಹತ್ತಾರು ಖಾತೆ ತೆರೆದು, ಬೇಗ ಒಪ್ಪಿಕೋ, ಬೇಗ ಒಪ್ಪಿಕೋ ಅಂತ ಅವರ ಮೇಲೆ ಬೀಳ್ತಾರೆ. ಬೇಸತ್ತು ಒಪ್ಪಿಕೊಂಡ್ರೆ ಅದರೊಳಗೆ ಕಳ್ಳ ಕೋಡ್ ಇಟ್ಟಿರ್ತಾರೆ."

"ನಾವು ಮಾಡಿದ್ದು ಶಿಫಾರಸು ಸಾರ್," ಎಂದರು ಇವರು.

"ದೂರದಿಂದ ನೋಡೋರಿಗೆ ಎರಡೂ ಒಂದೇ ಥರ ಕಾಣತ್ತೆ. ಹೋಗಲಿ, ನೂರಾರು ಪ್ರಾಜೆಕ್ಟ್ ಇರುವಾಗ ಇದನ್ನೇ ಯಾಕೆ ಆರಿಸಿದ್ರಿ?"

ಇವರು ಎದೆ ಸೆಟೆಸಿದರು. "ಇದರ ಮೇಲೆ ದೂರೇ ಇಲ್ಲ ಸಾರ್. ಸೊನ್ನೆ."

ಮೌನಿ ಗಂಟಲು ಸರಿಮಾಡಿಕೊಂಡ. ಕೋಣೆ ಚಿಕ್ಕದಾಗಿದ್ದರಿಂದ ಎಲ್ಲರಿಗೂ ಕೇಳಿಸಿ, ಎಲ್ಲರೂ ತಿರುಗಿ, ಅವನಿಗೆ ಮಾತಾಡದೆ ಬೇರೆ ದಾರಿ ಉಳಿಯಲಿಲ್ಲ.

"ದೂರುಗಳಿವೆ," ಎಂದ. "ನಾನೂರಕ್ಕೂ ಜಾಸ್ತಿ ಇವೆ. ಮೂರು ತಿಂಗಳು ಯಾರೂ ಉತ್ತರ ಕೊಡದಿದ್ರೆ ಒಂದು ರೋಬೋ ಬಂದು ತಾನೇ ಮುಚ್ಚಿಬಿಡತ್ತೆ. ಎಲ್ಲವನ್ನೂ ಅದೇ ಮುಚ್ಚಿರೋದು, ಮುಚ್ಚಿದ್ದು ಲೆಕ್ಕಕ್ಕೆ ಬರಲ್ಲ. ಬೇಸತ್ತು ಈಗ ಯಾರೂ ಹೊಸದು ಬರೆಯೋದೂ ಇಲ್ಲ. ನಾನು ಆ ಭಾನುವಾರಾನೇ ಹೇಳೋಣ ಅಂತಿದ್ದೆ."

ಇವರು ಮೌನಿಯ ಕಡೆ ಬಾಗಿ ಕೇಳಿದರು.

"ಆ ರೋಬೋ ನಮ್ಮ ಆಫೀಸಿಗೂ ಸಿಗತ್ತಾ?"

ಮೇಷ್ಟ್ರು ನಮ್ಮನ್ನು ಬಾಗಿಲವರೆಗೆ ಕಳಿಸಿಕೊಟ್ಟರು. ಹೊಸ ಪ್ರಾಜೆಕ್ಟ್ ಹಿಡಿದು ಅರ್ಥಮಾಡಿಕೊಳ್ಳಲು ಈಗ ಸಮಯವಿಲ್ಲ, ಆ ಆಮೆಯೇ ಮನಸ್ಸು ಮಾಡಿದರೆ ಉಂಟು, ಇಲ್ಲವಾದರೆ ಇಲ್ಲ ಎಂದರು. ದಾರಿಯುದ್ದಕ್ಕೂ ನಾದಿನಿ ಒಬ್ಬಳೇ ಮಾತಾಡಿದಳು. ಮಗಳು ಬಸ್ಸಿನ ಕಿಟಕಿಯ ಪಕ್ಕ ಕುಳಿತು ಹೊರಗೆ ನೋಡುತ್ತಿದ್ದಳು. ಇವರು ಅವಳ ಚೀಲವನ್ನು ನಾನು ಹಿಡಿದುಕೊಳ್ಳುತ್ತೇನೆಂದು ಇಸಿದುಕೊಂಡು ತೊಡೆಯ ಮೇಲೆ ಇಟ್ಟುಕೊಂಡು ಬಂದರು.

ಆಮೆ ಸಾಹೇಬರ ಈಮೇಲ್ ವಿಳಾಸ ಪುಟದ ಕೆಳಗೆ ಇತ್ತು. ಮಗಳು ನಡೆದದ್ದನ್ನು ನಡೆದ ಹಾಗೆಯೇ ಬರೆದಳು. ನಮ್ಮಪ್ಪ ಒಳ್ಳೆಯವರು, ಅವರಿಗೆ ಈ ಲೋಕದ ರೀತಿ ಗೊತ್ತಿಲ್ಲ. ಬರೆದವರೆಲ್ಲ ನಮ್ಮ ಬೀದಿಯ ನಿಜವಾದ ಮನುಷ್ಯರು. ಬೆದರಿಕೆ ಹಾಕಿದವರು ನನ್ನ ಅತ್ತೆ, ಅವರು ಎಲ್ಲರಿಗೂ ಹಾಗೇ ಹೇಳುತ್ತಾರೆ, ಇದುವರೆಗೆ ಎಲ್ಲಿಗೂ ಹೋದವರಲ್ಲ.

ಈ ಸಲ ಉತ್ತರ ಬಂತು. ಮಗಳು ನಮಗೆ ಅರ್ಥವಾಗುವಂತೆ ಓದಿ ಹೇಳಿದಳು. 'ನಾನು ಬೇರೆ ಕೆಲಸ ಮಾಡಿ ಬದುಕುವವಳು. ಇದನ್ನು ಬಿಡುವಿನಲ್ಲಿ ಒಬ್ಬಳೇ ನೋಡಿಕೊಳ್ಳುತ್ತೇನೆ. ದೂರು ಓದಲು ಆಗದಷ್ಟು ಬಂದಾಗ ರೋಬೋ ಇಟ್ಟೆ,' ಎಂದಿದ್ದರು.

"ಒಬ್ಬಳೇ ಅಂದ್ರಾ?" ಎಂದರು ಇವರು. "ಆಮೆ ಸಾಹೇಬರು ಹೆಂಗಸಾ?"

"ಹೌದಪ್ಪಾ. ಮುಂದೆ ಕೇಳಿ. 'ಹೊಗಳಿಕೆಯನ್ನು ಯಂತ್ರವೂ ಬರೆಯುತ್ತದೆ. ನಿಮ್ಮ ಬೀದಿಯವರು ನಿಜವಾದ ಮನುಷ್ಯರಾದರೆ ಅವರಲ್ಲಿ ಒಬ್ಬರು ಇದನ್ನು ಬಳಸಿ ನೋಡಿ ಒಂದು ದೂರು ಹೇಳಲಿ. ನೀವು ಅದನ್ನು ಸರಿಮಾಡಿ. ದೂರು ಹೇಳಿದವರೇ ಸರಿಯಾಯಿತು ಅಂದರೆ ನಾನು ಸೇರಿಸಿಕೊಳ್ಳುತ್ತೇನೆ.'"

ಇವರು ಎದ್ದು ಚಪ್ಪಲಿ ಹಾಕಿಕೊಂಡರು. "ಒಂದು ದೂರು ತಾನೇ? ಬೀದಿ ತುಂಬ ಇದಾವೆ. ಬಾ ಪುಟ್ಟಿ."

ದೂರು ಮುಗಿಸುವುದರಲ್ಲಿ ಪಳಗಿದ ಮನುಷ್ಯ ದೂರು ಹುಡುಕಿಕೊಂಡು ಹೊರಟರೆ ಹೇಗಿರುತ್ತದೆ ಎಂಬುದನ್ನು ನಾನು ಕಾಂಪೌಂಡಿನ ಪಕ್ಕ ನಿಂತು ಬಟ್ಟೆ ಒಣಗಿಸುತ್ತ ನೋಡಿದೆ. ಮೊದಲ ಮನೆಯ ಅಜ್ಜಿ ಇವರ ಬಾಯಲ್ಲಿ ದೂರು ಎಂಬ ಮಾತು ಕೇಳಿದ್ದೇ ಸೆರಗು ಬಿಗಿದು ಹೊರಗೆ ಬಂದರು.

"ಬಂದ್ಯಾ ಮಗನೇ? ನಮ್ ನಲ್ಲಿ ಬರೀ ಗಾಳಿ ಬಿಡತ್ತೆ. ಎಷ್ಟು ಸಲ ನಿನ್ನ ಕಿಟಕಿಗೆ ಬಂದಿದ್ದೀನಿ?"

"ಅದಲ್ಲ ಅಜ್ಜಿ, ಈ ಕಂಪ್ಯೂಟರ್ ಬಗ್ಗೆ ದೂರು."

"ಕಂಪ್ಯೂಟರಲ್ಲಿ ನೀರು ಬರತ್ತಾ?"

ಅಜ್ಜಿಯ ದನಿಗೆ ಅಕ್ಕಪಕ್ಕದವರೂ ಬಂದರು. ಪೈಪು ಒಡೆದದ್ದು, ಮೀಟರು ಓಡುವುದು, ಮೇಲಿನ ಮಹಡಿಗೆ ಏರದಿರುವುದು, ಎಲ್ಲ ಹೊರಬಿತ್ತು. ಇವರು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಟೈಲರ್ ಅಂಗಡಿಯೊಳಗೆ ನುಗ್ಗಿದರು. ಬಟ್ಟೆ ಅಲ್ಲೇ ಬಿಟ್ಟು ನಾನೂ ಹಿಂದೆಯೇ ಹೋದೆ.

ಟೈಲರ್ ಗ್ರಾಹಕರ ಅಳತೆಗಳ ಹಳೇ ಪಟ್ಟಿ, ಹೊಸ ಪಟ್ಟಿ ಎರಡನ್ನೂ ಹಾಕಿಸಿ ನೋಡಿದ. "ಬಹಳ ಚೆನ್ನಾಗಿದೆ ಸಾರ್. ಕೆಂಪು, ಹಸಿರು... ಕಣ್ಣಿಗೆ ಹಬ್ಬ."

"ಏನಾದ್ರೂ ತೊಂದರೆ?"

"ಪಾಪ ಮಗು ಮಾಡಿರೋದಕ್ಕೆ ನಾನು ಹೆಸರಿಡೋದಾ? ನನ್ನ ಬಾಯಲ್ಲಿ ಬರಲ್ಲ ಸಾರ್."

ನಾದಿನಿಯ ಹತ್ತಿರ ದೂರಿಗೆ ಕೊರತೆ ಇರಲಿಲ್ಲ. ಆದರೆ ಅದೆಲ್ಲ ತನ್ನನ್ನು ನಕಲಿ ಎಂದವರ ಮೇಲಿತ್ತೇ ಹೊರತು ಸಲಕರಣೆಯ ಮೇಲಲ್ಲ. ಕೊನೆಗೆ ಔಷಧಿ ಅಂಗಡಿ ಉಳಿಯಿತು. ಹೋದ ತಿಂಗಳ ದಾಸ್ತಾನಿನ ಪಟ್ಟಿ ಒಂದು ಕಡೆ, ಈ ತಿಂಗಳದ್ದು ಇನ್ನೊಂದು ಕಡೆ. ಅಂಗಡಿಯವರು ತೆರೆಯನ್ನು ನೋಡಿದರು, ಕನ್ನಡಕ ಒರೆಸಿಕೊಂಡರು, ಮತ್ತೆ ನೋಡಿದರು.

"ಹೇಗಿದೆ?" ಎಂದರು ಇವರು.

"ಚೆನ್ನಾಗಿದೆ. ಏನಿಲ್ಲ ಬಿಡಿ."

ಎಷ್ಟೋ ವರ್ಷ ಕಿಟಕಿಯ ಹಿಂದೆ ಕೂತವರಿಗೆ, ಏನಿಲ್ಲ ಬಿಡಿ ಎಂಬುದರ ಹಿಂದೆ ಏನೋ ಇದೆ ಎಂಬುದು ಗೊತ್ತಿರುತ್ತದೆ. ಆ ಮಾತು ಬಂದ ತಕ್ಷಣ ಮುಂದಿನವರನ್ನು ಕರೆಯುವುದು ಇವರ ಪದ್ಧತಿ. ಅವತ್ತು ಕರೆಯಲು ಮುಂದೆ ಯಾರೂ ಇರಲಿಲ್ಲ.

"ಹೇಳಿ ಸ್ವಾಮಿ. ನಿಮಗೆ ಕೈ ಮುಗೀತೀನಿ."

ಅಂಗಡಿಯವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಹೋಗಿರೋದು ಯಾವುದು, ಬಂದಿರೋದು ಯಾವುದು ಗೊತ್ತಾಗ್ತಿಲ್ಲ. ನನಗೆ ಹುಟ್ಟಿನಿಂದ ಕೆಂಪು ಹಸಿರು ಎರಡೂ ಒಂದೇ. ಕೆಸರಿನ ಬಣ್ಣ. ಔಷಧಿಗೆ ಹೆಸರಿರತ್ತೆ, ಓದ್ಕೋತೀನಿ, ಅದಕ್ಕೇನೂ ತೊಂದರೆ ಇಲ್ಲ. ಇದಕ್ಕೆ ಬಣ್ಣ ಬಿಟ್ರೆ ಬೇರೆ ಗುರುತೇ ಇಲ್ಲವಲ್ಲ?"

ಇವರು ಕೌಂಟರಿನ ಮೇಲೆ ಬಾಗಿ ಅವರನ್ನು ಅಪ್ಪಿಕೊಂಡರು. "ಎಂಥಾ ಒಳ್ಳೇ ದೂರು ಸ್ವಾಮಿ! ಎಂಥಾ ದೂರು!"

ಕೆಮ್ಮಿನ ಔಷಧಿಗೆ ಬಂದಿದ್ದ ಹೆಂಗಸೊಬ್ಬಳು ಎರಡು ಹೆಜ್ಜೆ ಹಿಂದೆ ಸರಿದಳು.

ಮಗಳೂ ಮೌನಿಯೂ ಕೆಲಸಕ್ಕೆ ಕುಳಿತರು. ಹೋದ ಸಾಲಿನ ಮುಂದೆ ಕಳೆಯುವ ಗುರುತು, ಬಂದ ಸಾಲಿನ ಮುಂದೆ ಕೂಡುವ ಗುರುತು, ಬಣ್ಣಕ್ಕೆ ನೀಲಿ ಮತ್ತು ಕಿತ್ತಳೆ. ಹೇಳುವುದಕ್ಕೆ ಇಷ್ಟೇ. ಆಮೆ ಸಾಹೇಬರು ಒಂದು ಸಲ ತಪ್ಪು ತೋರಿಸಿ ವಾಪಸು ಕಳಿಸಿದರು, ಮಕ್ಕಳು ತಿದ್ದಿದರು. ಮತ್ತೊಂದು ಸಲ ಕಳಿಸಿದರು, ಮತ್ತೆ ತಿದ್ದಿದರು. ಹೀಗೆ ಸೆಮಿಸ್ಟರಿನ ಕೊನೆಯ ದಿನವೇ ಬಂತು. ಕೋಡ್ ಸರಿಯಿದೆ, ಇನ್ನು ದೂರು ಹೇಳಿದವರು ಹೇಳಲಿ ಎಂದು ಆಮೆ ಸಾಹೇಬರು ಬರೆದರು. ಅವರು ಕಾಯುತ್ತಿದ್ದರು. ಮೇಷ್ಟ್ರು ಸಂಜೆ ಐದರವರೆಗೆ ಕಾಯುತ್ತೇನೆಂದಿದ್ದರು.

ಎಲ್ಲರೂ ಔಷಧಿ ಅಂಗಡಿಗೆ ಹೋದೆವು. ಇವರು ಅರ್ಧ ದಿನ ರಜೆ ಹಾಕಿದ್ದರು. ಅಂಗಡಿಯವರು ತೆರೆಯ ಮೇಲೆ ಬೆರಳಿಟ್ಟರು.

"ಇದು ಹೋಗಿದೆ. ಇದು ಬಂದಿದೆ. ಇದು ಹೋಗಿದೆ." ಮುಖದಲ್ಲಿ ನಗು ಮೂಡಿತು. ಮಗಳು ಟೈಪ್ ಮಾಡಲು ಕೈ ಎತ್ತಿದಳು. "ಆದರೆ..." ಎಂದರು ಅವರು.

ಮಗಳ ಕೈ ಗಾಳಿಯಲ್ಲೇ ನಿಂತಿತು.

"ಏನಿಲ್ಲ ಬಿಡಿ," ಎಂದರು ಅಂಗಡಿಯವರು ಗಡಿಯಾರ ನೋಡಿ. "ಹೊತ್ತಾಗಿದೆ. ಕಳಿಸಿಬಿಡಮ್ಮ."

ನಾದಿನಿ, "ಅವರೇ ಹೇಳ್ತಿದಾರಲ್ಲ, ಕಳಿಸೇ!" ಎಂದಳು. ಇವರು ಗಡಿಯಾರ ನೋಡಿದರು, ಮಗಳನ್ನು ನೋಡಿದರು. ಅವರ ಹಣೆಯ ಮೇಲೆ ಬೆವರಿತ್ತು. ಇಂಥ ಗಳಿಗೆಯಲ್ಲಿ ಅವರು ಏನು ಮಾಡುತ್ತಾರೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ.

"ಪೂರ್ತಿ ಹೇಳಿ ಸ್ವಾಮಿ," ಎಂದರು.

"ಕೂಡೋ ಗುರುತು ಸಾಲಿಗೆ ಅಂಟಿಕೊಂಡಿದೆ. ಒಂದೊಂದು ಕಡೆ ಅಂಕಿಯ ಜೊತೆ ಸೇರಿ ಬೇರೇನೋ ಓದಿಸಿಕೊಳ್ಳತ್ತೆ."

ಮೌನಿ ಆಗಲೇ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಿದ್ದ. ಗುರುತಿಗೂ ಸಾಲಿಗೂ ನಡುವೆ ಸ್ವಲ್ಪ ಜಾಗ ಬಿಡಬೇಕಿತ್ತು. ಕೌಂಟರಿನ ತುದಿಯಲ್ಲಿ, ಬಿಸಿನೀರಿನ ಚೀಲಗಳ ಮಧ್ಯೆ ಇಬ್ಬರೂ ತಿದ್ದಿದರು. ಗ್ರಾಹಕರು ಬಂದರೆ ನಾದಿನಿ ಬಾಗಿಲಲ್ಲೇ ತಡೆದು, "ಜೀವಕ್ಕೆ ಅಪಾಯ ಇದ್ರೆ ಮಾತ್ರ ಒಳಗೆ" ಎನ್ನುತ್ತಿದ್ದಳು. ಅಂಗಡಿಯವರು ಮತ್ತೆ ನೋಡಿ, ಸರಿಯಾಯಿತು ಎಂದು ತಾವೇ ಒಂದೊಂದೇ ಅಕ್ಷರ ಒತ್ತಿ ಬರೆದರು. ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಮಗಳು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು. "ಸೇರಿಸ್ಕೊಂಡ್ರು ಅಮ್ಮಾ."

ನಾದಿನಿ ಅತ್ತಳು. ಮೌನಿ ನಕ್ಕ. ಟೈಲರ್ ತನ್ನ ಅಂಗಡಿಯಿಂದಲೇ ಕೂಗಿ ಏನಾಯಿತೆಂದು ಕೇಳಿದ. ಔಷಧಿ ಅಂಗಡಿಯವರು ಮಾತ್ರ ತೆರೆಯತ್ತ ಬಗ್ಗಿ ಹುಡುಕುತ್ತಲೇ ಇದ್ದರು.

"ಸೇರಿಸಿಕೊಂಡ್ರು ಅಂತ ಹೇಗೆ ಗೊತ್ತಾಯ್ತಮ್ಮ?"

"ಇಲ್ಲಿ ನೋಡಿ ಅಂಕಲ್. ಈ ಸೈಟಿನಲ್ಲಿ ನಮ್ಮ ತಿದ್ದುಪಡಿ ಪಕ್ಕ ಇದ್ದ ಹಸಿರು ಗುರುತು ನೇರಳೆ ಆಯ್ತಲ್ಲ?"

ಅವರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. "ನನಗೆ ಆಗಲೂ ಹೀಗೇ ಕಾಣ್ತಿತ್ತು," ಎಂದರು.

ಇವರು ಜೇಬಿನಿಂದ ಪೆನ್ನು ತೆಗೆದರು.

"ಪುಟ್ಟಿ," ಎಂದರು, "ಈ ದೂರನ್ನ ಯಾರಿಗೆ ಬರೀಬೇಕು?"